ಲಕ್ಕಮ್ಮನ ಅಕ್ಕಿಯೂ ಇಂದಿನ ನವಕಾಯಕವೂ

ಪರಶಿವನ ಕೃಪೆಯಿಂದ ದೊರೆತ ಈ ಕಾಯವು ಕಾಯಕದಿಂದಲೇ ಸಾರ್ಥಕವಾಗತಕ್ಕದ್ದೆಂಬುದು ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಲೋಕಕ್ಕೆ ಮಾಡಿದ ಮಹೋಪದೇಶವಾಗಿದೆ. ಕಾಯಕವೆಂದರೆ ಕೇವಲ ಉದರಪೋಷಣೆಯ ಉದ್ಯೋಗವಲ್ಲ. ಶ್ರಮಪಟ್ಟು ದುಡಿದು, ಸತ್ಯದಿಂದ ಗಳಿಸಿ, ಗಳಿಸಿದುದನ್ನು ಗುರು-ಲಿಂಗ-ಜಂಗಮರಿಗೆ ಸಮರ್ಪಿಸಿ, ಉಳಿದುದನ್ನು ಪ್ರಸಾದವೆಂದು ಸ್ವೀಕರಿಸುವ ನಿತ್ಯವ್ರತವೇ ಕಾಯಕವೆನಿಸುವುದು. ಈ ವ್ರತದಲ್ಲಿ ಮೇಲು ಕೀಳೆಂಬ ಭೇದವಿಲ್ಲ. ಗಂಡು ಹೆಣ್ಣೆಂಬ ಭೇದವೂ ಇಲ್ಲ. ಕದಿರೆ ರೆಮ್ಮವ್ವೆಯು ರಾಟಿಯಲ್ಲಿ ನೂಲು ತೆಗೆದಳು. ಕೊಟ್ಟಣದ ಸೋಮಮ್ಮನು ಒನಕೆ ಹಿಡಿದು ಭತ್ತ ಕುಟ್ಟಿದಳು. ಸತ್ಯಕ್ಕನು ಶರಣರ ಅಂಗಳವನ್ನು ಗುಡಿಸಿದಳು. ಇವರೆಲ್ಲರೂ ವಚನಕರ್ತೃಗಳೂ ಹೌದು. ಮೂವತ್ತಕ್ಕೂ ಹೆಚ್ಚು ಮಂದಿ ಶರಣೆಯರ ವಚನಗಳು ಇಂದಿಗೂ ಉಳಿದುಬಂದಿವೆ. ರಾಟಿಯನ್ನು ತಿರುಗಿಸಿದವಳೇ ಅನುಭಾವವನ್ನೂ ನುಡಿದಳು. ಒಂದಕ್ಕಾಗಿ ಮತ್ತೊಂದನ್ನು ಬಿಡಬೇಕಾದ ಪ್ರಸಂಗ ಅವಳಿಗೆ ಬರಲಿಲ್ಲ.

ಈ ತಾಯಂದಿರ ಪರಂಪರೆಯ ಮನೆಗಳಲ್ಲಿ ಇಂದು ಹೊಸದೊಂದು ಉದ್ಯೋಗದ ಹೆಸರು ಕೇಳಿಬರುತ್ತಿದೆ. “ಮಗಳು ಏನು ಮಾಡುತ್ತಾಳೆ?” ಎಂದು ಬಂಧುಗಳು ವಿಚಾರಿಸಿದರೆ, “ಬೆಂಗಳೂರಿನಲ್ಲಿ ಡಿಸೈನರ್ ಆಗಿದ್ದಾಳೆ” ಎಂದು ತಂದೆತಾಯಿಗಳು ಉತ್ತರ ಕೊಡುತ್ತಾರೆ. “ಬಟ್ಟೆಯ ಡಿಸೈನೋ, ಮನೆಯ ಡಿಸೈನೋ?” ಎಂದು ಮತ್ತೆ ಕೇಳಿದರೆ ಅವರಿಗೆ ಮಾತು ತೋಚದು. “ಏನೋ ಕಂಪ್ಯೂಟರಿನ ಕೆಲಸವಂತೆ, ಸಂಬಳ ಚೆನ್ನಾಗಿದೆಯಂತೆ” ಎಂದು ಸಂಭಾಷಣೆ ಮುಗಿಯುತ್ತದೆ. ಮಗಳ ಕಾಯಕವನ್ನರಿಯದ ಮನೆಯು ಅವಳ ಸಂಬಳವನ್ನು ಮಾತ್ರ ಅರಿಯುತ್ತದೆ. ಇದು ಶರಣರ ಗೃಹಸ್ಥಧರ್ಮಕ್ಕೆ ಒಪ್ಪುವಂಥದಲ್ಲ. ಆದುದರಿಂದ ಡಿಜಿಟಲ್ ಪ್ರಾಡಕ್ಟ್ ಡಿಸೈನ್ ಎಂಬ ಈ ಉದ್ಯೋಗವು ಎಂಥದು, ಅದು ಕಾಯಕವೆನಿಸುವುದೋ ಇಲ್ಲವೋ, ಅದರಲ್ಲಿ ಹೆಣ್ಣುಮಗಳು ಧನ್ಯತೆಯನ್ನು ಪಡೆಯುವ ಮಾರ್ಗ ಯಾವುದು ಎಂಬುದನ್ನು ಭಕ್ತರು ವಿಚಾರಿಸತಕ್ಕದ್ದು. ಈ ವಿಚಾರಕ್ಕೆ ಆಯ್ದಕ್ಕಿ ಲಕ್ಕಮ್ಮನ ನಡೆಗಿಂತ ಉತ್ತಮವಾದ ದೀಪ ಬೇರೊಂದಿಲ್ಲ.

ಲಕ್ಕಮ್ಮನ ಕಥೆಯನ್ನು ಅರಿಯದವರಿಲ್ಲ. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆ ದಂಪತಿಗಳಲ್ಲಿ ಪತಿಯಾದ ಮಾರಯ್ಯನು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವನು. ಆಕೆಯು ಅದನ್ನು ಬೇಯಿಸಿ ಜಂಗಮದಾಸೋಹ ನಡೆಸುವಳು. ಒಂದು ದಿನ ಮಾರಯ್ಯನು ನಿತ್ಯದ ಪ್ರಮಾಣವನ್ನು ಮೀರಿ ಅಕ್ಕಿ ತಂದನು. ಕಳವು ಮಾಡಿರಲಿಲ್ಲ, ಯಾರನ್ನೂ ಪೀಡಿಸಿರಲಿಲ್ಲ. ನೆಲದ ಮೇಲೆ ಬಿದ್ದುದನ್ನೇ ತಂದಿದ್ದನು. ಆದರೂ ಲಕ್ಕಮ್ಮನು ಒಪ್ಪಲಿಲ್ಲ. ಇಂದಿನ ಅಗತ್ಯಕ್ಕೆ ಮೀರಿದುದು ಲೋಭಕ್ಕೆ ಬೀಜವೆಂದು ಎಚ್ಚರಿಸಿ, ತಂದಲ್ಲಿಯೇ ಮರಳಿ ಸುರಿದು ಬರಬೇಕೆಂದು ಹೇಳಿದಳು. ಮಾರಯ್ಯನು ಹಾಗೆಯೇ ಮಾಡಿದನು.

ಈ ಕಥೆಯಲ್ಲಿ ಮೂರು ಅಂಶಗಳು ಅಡಗಿವೆ. ಮೊದಲನೆಯದು, ಅಕ್ಕಿ ಹೆಚ್ಚಾಗಿದೆಯೆಂದು ಲಕ್ಕಮ್ಮನಿಗೆ ತಿಳಿಯಿತು. ಏಕೆಂದರೆ ಅಳತೆಯು ಅವಳ ಕೈಯಲ್ಲಿತ್ತು. ಎರಡನೆಯದು, ತಿಳಿದುದನ್ನು ಅವಳು ನುಡಿದಳು. ಮೂರನೆಯದು, ಅವಳ ನುಡಿಯನ್ನು ಮನೆಯು ಕೇಳಿತು. ಅಳತೆಯ ಅರಿವು, ನುಡಿಯುವ ಧೈರ್ಯ, ಕೇಳುವ ಮನೆ, ಈ ಮೂರೂ ಕೂಡಿದಾಗಲೇ ಸ್ತ್ರೀಯ ಕಾಯಕವು ಪೂರ್ಣವಾಗುವುದು. ಹೊಸ ಉದ್ಯೋಗಕ್ಕೂ ಇದೇ ಒರೆಗಲ್ಲು.

ಮೊದಲು ಉದ್ಯೋಗದ ಸ್ವರೂಪವನ್ನು ತಿಳಿಯೋಣ. ಇಂದು ರೈತನು ಬೆಳೆವಿಮೆಯ ವಿಷಯ ನೋಡುವುದು, ಗೃಹಿಣಿಯು ವಿದ್ಯುತ್ತಿನ ಬಿಲ್ಲು ಕಟ್ಟುವುದು, ಯಾತ್ರಿಕನು ರೈಲಿನ ಟಿಕೆಟು ತೆಗೆಯುವುದು ಅಂಗೈಯ ಮೊಬೈಲಿನಲ್ಲಿ ನಡೆಯುತ್ತಿವೆ. 2016ರಲ್ಲಿ ಯುಪಿಐ ವ್ಯವಸ್ಥೆ ಬಂದ ಮೇಲೆ ಸಂತೆಯ ಸೊಪ್ಪಿನವಳಿಗೂ ಹಣವು ಅದರಲ್ಲಿಯೇ ಸಲ್ಲುತ್ತಿದೆ. ಆ ಪರದೆಯ ಮೇಲೆ ಯಾವುದು ಮೊದಲು ಕಾಣಬೇಕು, ಒತ್ತುವ ಗುಂಡಿ ಎಲ್ಲಿರಬೇಕು, ಅದರ ಮೇಲೆ ಯಾವ ಮಾತು ಬರೆದಿರಬೇಕು, ತಪ್ಪಾಗಿ ಒತ್ತಿದವನು ಹಿಂದಿರುಗುವ ದಾರಿ ಯಾವುದು ಎಂಬುದನ್ನೆಲ್ಲ ಯೋಚಿಸಿ ನಿಶ್ಚಯಿಸುವುದೇ ಈ ಉದ್ಯೋಗ. ಯಂತ್ರಕ್ಕೆ ಆಜ್ಞೆಗಳನ್ನು ಬರೆಯುವವರು ಬೇರೆ. ಮನುಷ್ಯನು ಯಂತ್ರದೊಳಕ್ಕೆ ಎಡವದೆ ಹೋಗಿ ಬರುವಂತೆ ಬಾಗಿಲನ್ನೂ ಹೊಸ್ತಿಲನ್ನೂ ಅಣಿಗೊಳಿಸುವವರು ಡಿಸೈನರುಗಳು.

ಈ ವಿದ್ಯೆಯ ಆರಂಭಕಾಲದಲ್ಲಿಯೇ ಒಬ್ಬ ಮಹಿಳೆಯ ಹೆಸರು ಕಂಡುಬರುವುದು ಗಮನಾರ್ಹವಾಗಿದೆ. ಅಮೆರಿಕೆಯ ಸೂಸನ್ ಕೇರ್ ಅವರು 1978ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದ ಕಲಾವಿದೆ. ಕಂಪ್ಯೂಟರಿನಲ್ಲಿ ಚಿತ್ರ ಬರೆದ ಅನುಭವ ಅವರಿಗಿರಲಿಲ್ಲ. ಆದರೂ 1984ರ ಜನವರಿಯಲ್ಲಿ ಹೊರಬಂದ ಮ್ಯಾಕಿಂತೋಷ್ ಎಂಬ ಕಂಪ್ಯೂಟರಿಗೆ ಚಿಹ್ನೆಗಳನ್ನೂ ಅಕ್ಷರರೂಪಗಳನ್ನೂ ರಚಿಸುವ ಕಾರ್ಯವನ್ನು ಕ್ಯಾಲಿಫೋರ್ನಿಯದ ಆಪಲ್ ಕಂಪನಿಯಲ್ಲಿ ಅವರು ಕೈಗೊಂಡರು. ಒಂದು ಚಿಹ್ನೆಗೆ ದೊರೆಯುತ್ತಿದ್ದ ಸ್ಥಳ ಅಡ್ಡ 32, ಉದ್ದ 32, ಒಟ್ಟು 1024 ಚೌಕಗಳು ಮಾತ್ರ. ಅವರು ಚೌಕುಳಿ ಗೆರೆಗಳ ಕಾಗದದ ಪುಸ್ತಕವೊಂದನ್ನು ಇಟ್ಟುಕೊಂಡು, ಒಂದೊಂದು ಚೌಕವನ್ನು ತುಂಬುತ್ತ, ಬಿಡುತ್ತ, ಬೇಡವಾದುದನ್ನು ಹಾಕುವ ಕಸದ ಬುಟ್ಟಿಯನ್ನೂ, ಯಂತ್ರವು ಸರಿಯಾಗಿ ಆರಂಭವಾಯಿತೆಂದು ತಿಳಿಸುವ ನಗುಮುಖವನ್ನೂ ರಚಿಸಿದರು. ಓದಿ ತಿಳಿಯಬೇಕಾದುದು ನೋಡಿದೊಡನೆ ತಿಳಿಯುವಂತಾಯಿತು. 2018ರಲ್ಲಿ ಅಮೆರಿಕೆಯ ವಿನ್ಯಾಸಕಾರರ ಸಂಸ್ಥೆಯಾದ ಎಐಜಿಎ ಅವರಿಗೆ ತನ್ನ ಪದಕವನ್ನಿತ್ತು ಗೌರವಿಸಿತು.

ಚೌಕ ಎಣಿಸುವ ಈ ಕೆಲಸವನ್ನು ಸೂಸನ್ ಕೇರ್ ಅವರೇ ಸೂಜಿಯ ಕಸೂತಿಗೆ ಹೋಲಿಸಿದ್ದಾರೆ. ಧಾರವಾಡದ ಕಡೆಯ ತಾಯಂದಿರಿಗೆ ಈ ಹೋಲಿಕೆ ಕೂಡಲೇ ಮನವರಿಕೆಯಾಗುವುದು. ಇಳಕಲ್ಲ ಸೀರೆಯ ಮೇಲೆ ಗೋಪುರ, ತೊಟ್ಟಿಲು, ಆನೆಗಳನ್ನು ತೆಗೆಯುವಾಗ ಅವರು ಬಟ್ಟೆಯ ಎಳೆಗಳನ್ನು ಎಣಿಸಿಯೇ ಸೂಜಿ ಹಾಕುವರು. ಒಂದು ಎಳೆ ತಪ್ಪಿದರೆ ಗೋಪುರ ಓರೆಯಾಗುವುದು. ಗಂಟಿ, ಮುರ್ಗಿ ಹೊಲಿಗೆಗಳಲ್ಲಿ ಬಟ್ಟೆಯ ಮುಂಬದಿಯೂ ಹಿಂಬದಿಯೂ ಒಂದೇ ತೆರನಾಗಿರಬೇಕು. ಈ ಕೊನೆಯ ಮಾತನ್ನು ಭಕ್ತರು ನೆನಪಿನಲ್ಲಿಡಬೇಕು; ಮುಂದೆ ಅದು ಪ್ರಯೋಜನಕ್ಕೆ ಬರುವುದು.

ಇಲ್ಲಿ ಒಂದು ಶಂಕೆ ಏಳಬಹುದು. ತಂಪಾದ ಕೋಣೆಯಲ್ಲಿ ಕುರ್ಚಿಯ ಮೇಲೆ ಕುಳಿತು ಮಾಡುವುದರಲ್ಲಿ ಶ್ರಮವೆಲ್ಲಿದೆ, ಅದು ಕಾಯಕ ಹೇಗಾದೀತು? ಇದಕ್ಕೆ ಸಮಾಧಾನವೇನೆಂದರೆ, ಈ ವಿದ್ಯೆಯ ಬಹುಭಾಗವು ಕುರ್ಚಿಯಿಂದ ಎದ್ದು ಹೋಗುವುದರಲ್ಲಿಯೇ ಇದೆ. ಬಲ್ಲ ಡಿಸೈನರಳು ಮೊದಲು ಬಳಸುವವರ ಬಳಿಗೆ ಹೋಗುತ್ತಾಳೆ. ಅವರು ಕೆಲಸವನ್ನು ಈಗ ಹೇಗೆ ಮಾಡುತ್ತಾರೆಂದು ಕಣ್ಣಾರೆ ನೋಡುತ್ತಾಳೆ. ಅನಂತರ ಕಾಗದದ ಮೇಲೆ ಗೆರೆ ಎಳೆದು ಹಲವು ಬಗೆಗಳನ್ನು ಮಾಡುತ್ತಾಳೆ. ಅವುಗಳಲ್ಲಿ ಒಂದನ್ನು ನಾಲ್ಕೈದು ಮಂದಿಯ ಕೈಗೆ ಕೊಟ್ಟು, ಬೆರಳು ಎಲ್ಲಿ ತಡೆಯಿತು, ಹುಬ್ಬು ಎಲ್ಲಿ ಗಂಟಿಕ್ಕಿತು ಎಂದು ಮೌನವಾಗಿ ಗಮನಿಸುತ್ತಾಳೆ. ತಾನು ಪ್ರೀತಿಯಿಂದ ಬರೆದುದನ್ನು ತಾನೇ ಅಳಿಸುತ್ತಾಳೆ. ಮಾಡಿದುದು ನನ್ನದೆಂಬ ಅಹಂಕಾರವನ್ನು ದಿನವೂ ಕಳೆದುಕೊಳ್ಳಬೇಕಾದ ಈ ಅಭ್ಯಾಸವು ಸಾಧನೆಯಲ್ಲದೆ ಮತ್ತೇನು?

ಕನ್ನಡದ್ದೇ ಒಂದು ದೃಷ್ಟಾಂತವಿದೆ. ಇಂಗ್ಲಿಷ್ ಅಕ್ಷರಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ ಗುಂಡಿಯಲ್ಲಿ ಕನ್ನಡವನ್ನು ತುಂಬಿದರೆ, ಸಾಲಿನ ಕೆಳಗೆ ಇಳಿಯುವ ಒತ್ತಕ್ಷರವು ಕತ್ತರಿಸಿಹೋಗುವುದುಂಟು. ಕನ್ನಡದ ಮಾತು ಉದ್ದವಾದುದರಿಂದ ಅರ್ಧಕ್ಕೇ ನಿಲ್ಲುವುದೂ ಉಂಟು. ಒತ್ತು ಹೋದರೆ ಅರ್ಥವೇ ಕೆಡುವುದು. ಇದನ್ನು ಕಾಣಲು ಒತ್ತಕ್ಷರವನ್ನು ತಿದ್ದಿ ಕಲಿತ ಕಣ್ಣೇ ಬೇಕು. ಹಳ್ಳಿಯ ಶಾಲೆಯಲ್ಲಿ ಕನ್ನಡ ಓದಿದುದನ್ನು ಕೊರತೆಯೆಂದು ಎಣಿಸುವ ಹೆಣ್ಣುಮಕ್ಕಳು ಅದು ತಮ್ಮ ಬಂಡವಾಳವೆಂದು ತಿಳಿಯತಕ್ಕದ್ದು. ಅಜ್ಜಿಯು ಮೊಬೈಲನ್ನು ಹೇಗೆ ಹಿಡಿಯುತ್ತಾಳೆ, ಅಪ್ಪನು ಹಣ ಕಳಿಸುವ ಮುನ್ನ ಏಕೆ ಹೆದರುತ್ತಾನೆ ಎಂಬ ಅರಿವು ಯಾವ ಪುಸ್ತಕದಲ್ಲಿಯೂ ದೊರೆಯದು.

ಶಾಸ್ತ್ರೀಯವಾಗಿ ಕಲಿಯಲಿಚ್ಛಿಸುವವರಿಗೆ ದಾರಿಗಳು ತೆರೆದಿವೆ. ಅಹಮದಾಬಾದಿನಲ್ಲಿ 1961ರಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಸ್ಥಾಪಿತವಾಯಿತು. ಅದರ ಒಂದು ಶಾಖೆ ಬೆಂಗಳೂರಿನಲ್ಲಿಯೂ ಇದೆ. ಪದವಿಮಟ್ಟದ ವಿನ್ಯಾಸ ಶಿಕ್ಷಣಕ್ಕಾಗಿ ಮುಂಬಯಿಯ ಐಐಟಿಯು 2015ರಿಂದ ಯುಸೀಡ್ ಎಂಬ ಪ್ರವೇಶಪರೀಕ್ಷೆಯನ್ನು ನಡೆಸುತ್ತಿದೆ. ಆದರೆ ಪದವಿಯೊಂದೇ ದ್ವಾರವಲ್ಲ. ಈ ವೃತ್ತಿಯಲ್ಲಿ ಕೆಲಸ ಕೊಡುವವರು ಮೊದಲು ಕೇಳುವುದು ಪೋರ್ಟ್‌ಫೋಲಿಯೊ ಎಂಬ ಕೃತಿಸಂಗ್ರಹವನ್ನು. ಅದರಲ್ಲಿ ಅಂದವಾದ ಚಿತ್ರಗಳಿದ್ದರೆ ಸಾಲದು. ಯಾರ ಯಾವ ಕಷ್ಟವನ್ನು ಕಂಡೆ, ಯಾವ ಉಪಾಯ ಹೂಡಿದೆ, ಎಲ್ಲಿ ತಪ್ಪಿದೆ, ಹೇಗೆ ತಿದ್ದಿದೆ ಎಂಬುದು ಕ್ರಮವಾಗಿ ಬರೆದಿರಬೇಕು. ಊರಿನ ಸಹಕಾರಿ ಸಂಘದ ಒಂದು ಅರ್ಜಿನಮೂನೆಯನ್ನು ಜನಕ್ಕೆ ತಿಳಿಯುವಂತೆ ತಿದ್ದಿ ತೋರಿಸಿದರೂ ಅದು ಸಂಗ್ರಹಕ್ಕೆ ಯೋಗ್ಯವೇ. ಇಷ್ಟು ಮಾತು ಅಳತೆಯ ಅರಿವನ್ನು ಕುರಿತು. ವಿದ್ಯೆಯಿಲ್ಲದವಳಿಗೆ ಅಕ್ಕಿ ಹೆಚ್ಚಾದುದು ತಿಳಿಯುವುದೇ ಇಲ್ಲ.

ಇನ್ನು ನುಡಿಯುವ ಧೈರ್ಯ. ಒಬ್ಬ ಮಗಳನ್ನು ಭಾವಿಸಿಕೊಳ್ಳೋಣ. ಟಿಕೆಟು ಮಾರುವ ಒಂದು ಕಂಪನಿಯಲ್ಲಿ ಅವಳು ಡಿಸೈನರ್. ಮೇಲಧಿಕಾರಿಯು ಕರೆದು, “ಪ್ರಯಾಣವಿಮೆಯ ಚೌಕದಲ್ಲಿ ಮೊದಲೇ ಗುರುತು ಹಾಕಿಬಿಡು, ಬೇಡವಾದವರು ತೆಗೆದುಕೊಳ್ಳಲಿ. ಅಕ್ಷರ ಸಣ್ಣದಾಗಿರಲಿ. ತಲೆಗೆ ಹತ್ತಿಪ್ಪತ್ತು ರೂಪಾಯಿಯ ಮಾತು, ಯಾರೂ ನೋಡುವುದಿಲ್ಲ” ಎನ್ನುತ್ತಾನೆ. ಯಾರೂ ನೋಡುವುದಿಲ್ಲವೆಂಬುದು ನಿಜ. ನೋಡದವರು ಯಾರೆಂಬುದೂ ಅವಳಿಗೆ ಗೊತ್ತು: ಕನ್ನಡಕ ಮರೆತ ಮುದುಕ, ಅವಸರದಲ್ಲಿ ಆಸ್ಪತ್ರೆಗೆ ಹೊರಟ ತಾಯಿ, ಇಂಗ್ಲಿಷ್ ಬಾರದ ಕೂಲಿಯವನು. ಇದೇ ಹೆಚ್ಚಿನ ಅಕ್ಕಿ. ಲಕ್ಕಮ್ಮನ ಅಕ್ಕಿಗಿಂತ ಇದು ಕೇಡಿನದು. ಅದು ನೆಲಕ್ಕೆ ಬಿದ್ದದ್ದಾಗಿತ್ತು, ಇದು ಬಡವನ ಜೋಳಿಗೆಯಿಂದ ಅವನರಿಯದಂತೆ ತೆಗೆದದ್ದು.

ಇಂಥ ವಂಚನೆಯ ವಿನ್ಯಾಸಗಳಿಗೆ 2010ರಲ್ಲಿ ಹ್ಯಾರಿ ಬ್ರಿಗ್ನಲ್ ಎಂಬ ಇಂಗ್ಲೆಂಡಿನ ಡಿಸೈನರು ಡಾರ್ಕ್ ಪ್ಯಾಟರ್ನ್ ಎಂದು ಹೆಸರಿಟ್ಟರು. ಭಾರತದಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ 13 ಬಗೆಯ ಇಂಥ ವಂಚನೆಗಳನ್ನು ಹೆಸರಿಸಿ ನಿಷೇಧಿಸಲಾಗಿದೆ. ಕೊಳ್ಳುವವನು ಕೇಳದ ವಸ್ತುವನ್ನು ಅವನ ಬುಟ್ಟಿಗೆ ಸೇರಿಸುವುದು, ಸರಕು ತೀರಿಹೋಗುತ್ತಿದೆಯೆಂದು ಸುಳ್ಳು ಅವಸರ ಹುಟ್ಟಿಸುವುದು, ಬೇಡವೆಂದವನನ್ನು ನಾಚಿಸುವ ಮಾತು ಬರೆಯುವುದು, ಚಂದಾ ಸೇರುವುದು ಸುಲಭವಾಗಿಸಿ ಬಿಡುವುದನ್ನು ಕಷ್ಟವಾಗಿಸುವುದು, ಬೆಲೆಯ ಒಂದು ಭಾಗವನ್ನು ಕೊನೆಯವರೆಗೂ ಮುಚ್ಚಿಡುವುದು ಅವುಗಳಲ್ಲಿ ಸೇರಿವೆ. ಎಂಟುನೂರು ವರ್ಷಗಳ ಹಿಂದೆ ಅಂಗಳ ಗುಡಿಸುತ್ತಿದ್ದ ಸತ್ಯಕ್ಕನು ಲಂಚ ವಂಚನೆಗಳಿಗೆ ಕೈ ಚಾಚದ, ದಾರಿಯಲ್ಲಿ ಕಂಡ ಹೊನ್ನನ್ನೂ ಮುಟ್ಟದ ಶಪಥ ತೊಟ್ಟಿದ್ದಳು. ಅವಳಿಗೆ ಯಾವ ಮಾರ್ಗಸೂಚಿಯೂ ಬೇಕಾಗಿರಲಿಲ್ಲ. ಕಸೂತಿಯ ಹಿಂಬದಿಯೂ ಮುಂಬದಿಯಂತೆಯೇ ಇರಬೇಕೆಂಬುದು ಇಲ್ಲಿ ಸ್ಮರಣೀಯ. ಪರದೆಯ ಮೇಲೆ ಕಾಣುವುದು ಒಂದು, ಅದರ ಹಿಂದೆ ನಡೆಯುವುದು ಇನ್ನೊಂದು ಆಗಬಾರದು.

ಹಾಗಾದರೆ ಆ ಮಗಳು ಮಾಡತಕ್ಕದ್ದೇನು? ಕೋಪದಿಂದ ಕಾಗದ ಹರಿದು ಬರುವುದು ಧೈರ್ಯವಲ್ಲ. ಲಕ್ಕಮ್ಮನು ಕೂಗಾಡಲಿಲ್ಲ, ಅಳತೆ ತೋರಿಸಿ ಮಾತನಾಡಿದಳು. ಹಾಗೆಯೇ ಇವಳು ಮೊದಲು ಗ್ರಾಹಕರ ದೂರುಗಳನ್ನೂ, ಹಣ ಮರಳಿ ಕೇಳಿದವರ ಲೆಕ್ಕವನ್ನೂ, 2023ರ ಮಾರ್ಗಸೂಚಿಯನ್ನೂ ಮುಂದಿಡಬೇಕು. ವಿಮೆಯನ್ನು ಪ್ರಾಮಾಣಿಕವಾಗಿ ತಿಳಿಸಿ ಮಾರುವ ಬೇರೊಂದು ಬಗೆಯನ್ನು ತಾನೇ ರಚಿಸಿ ತೋರಿಸಬೇಕು. ತನ್ನ ಆಕ್ಷೇಪವನ್ನು ಬರೆದು ಕೊಡಬೇಕು. ಇಷ್ಟರಿಂದಲೇ ಅನೇಕ ವೇಳೆ ಕೆಲಸ ನೆಟ್ಟಗಾಗುವುದು. ಆಗದಿದ್ದರೆ, “ಇದು ನನ್ನ ಕೈಯಿಂದ ಆಗದು” ಎಂದು ನಿಲ್ಲಬೇಕು. ನಿಂತುದರ ಫಲವಾಗಿ ಬಡ್ತಿ ತಪ್ಪಬಹುದು, ಉದ್ಯೋಗವೇ ಹೋಗಬಹುದು. ಸತ್ಯಕ್ಕೆ ನಷ್ಟವಿಲ್ಲವೆಂದು ಹೇಳಿ ಮಕ್ಕಳನ್ನು ಮೋಸಗೊಳಿಸಬಾರದು. ನಷ್ಟವುಂಟು. ಆದರೆ ಹೆಚ್ಚಿನ ಅಕ್ಕಿಯನ್ನು ಮನೆಯೊಳಗೆ ಬರಗೊಟ್ಟವಳಿಗೆ ಆಗುವ ನಷ್ಟವು ಇನ್ನೂ ದೊಡ್ಡದು: ನಾಲ್ಕು ವರ್ಷಗಳಲ್ಲಿ ಅವಳಿಗೆ ಅಳತೆಯೇ ಮರೆತುಹೋಗುವುದು. ಆಮೇಲೆ ಸಂಬಳ ಎಷ್ಟು ಏರಿದರೂ ಕೆಲಸದಲ್ಲಿ ರುಚಿಯಿರದು. ವೃತ್ತಿಯಲ್ಲಿ ಧನ್ಯತೆಯೆಂದು ಹೇಳುವುದು ಈ ರುಚಿಯನ್ನೇ ಹೊರತು ಹುದ್ದೆಯ ಹೆಸರನ್ನಲ್ಲ.

ಈಗ ಮೂರನೆಯದಾದ ಕೇಳುವ ಮನೆಯ ವಿಚಾರ. ಇದು ಹೆಣ್ಣುಮಕ್ಕಳಿಗಿಂತ ಅವರ ಹಿರಿಯರಿಗೂ ಪತಿಗೂ ಹೇಳತಕ್ಕ ಮಾತು. ಮಾರಯ್ಯನು ಕೇಳದೆ ಹೋಗಿದ್ದರೆ ಲಕ್ಕಮ್ಮನ ನುಡಿಯು ಗಾಳಿಗೆ ಹೋಗುತ್ತಿತ್ತು. ಮಗಳ ಸಂಬಳವನ್ನು ನಂಬಿ ಅಗತ್ಯಕ್ಕೆ ಮೀರಿದ ಮನೆಯ ಸಾಲವನ್ನೂ ಕಾರಿನ ಸಾಲವನ್ನೂ ಮಾಡಿ, ತಿಂಗಳ ಕಂತಿನಿಂದ ಅವಳ ನಾಲಗೆಯನ್ನು ಕಟ್ಟಿಹಾಕಿದ ಕುಟುಂಬಗಳಿವೆ. ಅಂಥ ಮಗಳು ಕಚೇರಿಯಲ್ಲಿ ಹೇಗೆ ತಾನೇ “ಆಗದು” ಎಂದಾಳು? ಅವಳು ಮಾಡುವ ಪಾಪದಲ್ಲಿ ಆ ಕಂತಿಗೂ ಪಾಲಿದೆ. ಅವಳು ಸತ್ಯಶುದ್ಧಳಾಗಿರಬೇಕೆಂದು ಬಯಸುವ ಮನೆಯು ತಾನು ಮಿತದಲ್ಲಿ ಬಾಳಿ, “ಆರು ತಿಂಗಳು ಸಂಬಳ ಬರದಿದ್ದರೂ ಚಿಂತೆಯಿಲ್ಲ ತಾಯಿ, ನಿನ್ನ ಮನಸ್ಸಿಗೆ ಒಪ್ಪಿದಂತೆ ನಡೆ” ಎಂದು ಹೇಳುವಂತಿರಬೇಕು.

ಇದಕ್ಕೆ ವಿರುದ್ಧವಾದ ತಪ್ಪೂ ಒಂದುಂಟು. ಮದುವೆಯವರೆಗೆ ಮಗಳ ವಿದ್ಯೆಯನ್ನು ಕೊಂಡಾಡಿದವರು ಮಗು ಹುಟ್ಟಿದೊಡನೆ, “ಇನ್ನು ಸಾಕು, ಮನೆ ನೋಡಿಕೋ” ಎಂದು ಬಿಡಿಸುತ್ತಾರೆ. ಹತ್ತು ವರ್ಷ ಸಾಣೆ ಹಿಡಿದ ಕಣ್ಣು ಹೀಗೆ ವ್ಯರ್ಥವಾಗುವುದು. 2017ರ ತಿದ್ದುಪಡಿಯು ಹೆರಿಗೆಯ ಸಂಬಳಸಹಿತ ರಜೆಯನ್ನು ಮೊದಲ ಎರಡು ಮಕ್ಕಳಿಗೆ 12 ವಾರಗಳಿಂದ 26 ವಾರಗಳಿಗೆ ಏರಿಸಿತು; 50 ಮತ್ತು ಅದಕ್ಕೂ ಹೆಚ್ಚು ಮಂದಿ ದುಡಿಯುವಲ್ಲಿ ಶಿಶುವಿಹಾರವಿರಬೇಕೆಂದು ವಿಧಿಸಿತು. ಶಾಸನವು 26 ವಾರ ಕೊಟ್ಟಿತು. ಇಪ್ಪತ್ತೇಳನೆಯ ವಾರದಲ್ಲಿ ತೊಟ್ಟಿಲು ತೂಗುವವರು ಯಾರೆಂಬುದನ್ನು ಮನೆಯೇ ನಿರ್ಧರಿಸಬೇಕು. ತೂಗುವ ಕೈ ತಂದೆಯದಾದರೆ ಧರ್ಮಕ್ಕೆ ಹಾನಿಯೇನೂ ಇಲ್ಲ. ಹೆಂಡತಿಯ ಮಾತಿಗೆ ಅಕ್ಕಿಯನ್ನು ಹೊತ್ತು ಮರಳಿ ಹೋದ ಮಾರಯ್ಯನು ಶರಣರ ಗಣನೆಯಲ್ಲಿ ಕಿರಿಯನಾಗಲಿಲ್ಲ, ಮಹಾಶರಣನೆನಿಸಿದನು. ಬಿಡಬೇಕೋ ಮುಂದುವರಿಯಬೇಕೋ ಎಂಬ ನಿರ್ಣಯವು ಅವಳದಾಗಿರಲಿ. ತಾನಾಗಿ ಕೆಲಕಾಲ ನಿಂತು ಮತ್ತೆ ಹೊರಡುವವಳಿಗೆ ಮನೆಯೇ ಮೊದಲ ಮೆಟ್ಟಿಲಾಗಲಿ.

ಕೊನೆಯದಾಗಿ ದಾಸೋಹ. ಲಕ್ಕಮ್ಮನ ಅಕ್ಕಿ ಅವಳ ಹೊಟ್ಟೆಗೆ ಮಾತ್ರ ಬೆಂದುದಲ್ಲ, ಜಂಗಮಕ್ಕೆ ಬೆಂದುದು. ಸಂಬಳದಲ್ಲಿ ಒಂದು ಪಾಲನ್ನು ಅನ್ನದಾಸೋಹಕ್ಕೂ ವಿದ್ಯಾದಾಸೋಹಕ್ಕೂ ಸಲ್ಲಿಸುವುದು ಭಕ್ತರಿಗೆ ಹೊಸದಲ್ಲ. ಆದರೆ ಈ ಕಾಯಕದೊಳಗೇ ಒಂದು ದಾಸೋಹವಿದೆ. ಕಣ್ಣಿಲ್ಲದವರು ಪರದೆಯನ್ನು ಕಿವಿಯಿಂದ ಓದುತ್ತಾರೆ. ಚಿತ್ರದ ಹಿಂದೆ ಅದರ ವಿವರವನ್ನು ಮಾತಿನಲ್ಲಿ ಬರೆದಿಟ್ಟರೆ ಯಂತ್ರವು ಅದನ್ನು ಅವರಿಗೆ ಓದಿ ಹೇಳುತ್ತದೆ. ಬರೆಯದಿದ್ದರೆ ಅವರ ಪಾಲಿಗೆ ಬಾಗಿಲು ಮುಚ್ಚಿದಂತೆಯೇ. ಮಸುಕು ದೃಷ್ಟಿಯವರಿಗಾಗಿ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕಾಂತಿಯ ಅಂತರವು ಕನಿಷ್ಠ 4.5ಕ್ಕೆ 1ರಂತಿರಬೇಕೆಂದು 2008ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಭಾರತದಲ್ಲಿಯೂ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಇಂಥ ಸೌಕರ್ಯವನ್ನು ಅಪೇಕ್ಷಿಸುತ್ತದೆ. ಕಂಪನಿಯು ಕೇಳದಿದ್ದರೂ ಈ ಕೆಲಸವನ್ನು ಮರೆಯದೆ ಮಾಡುವವಳು ತಾನು ಎಂದೂ ಕಾಣದ ಸಾವಿರ ಜನರ ಮುಂದೆ ಎಲೆ ಹಾಕಿ ಬಡಿಸಿದಂತೆ. ತನ್ನ ಹಿಂದೆ ಬರುವ ಕಿರಿಯ ಹೆಣ್ಣುಮಕ್ಕಳಿಗೆ ವಾರಕ್ಕೊಂದು ತಾಸು ವಿದ್ಯೆಯನ್ನು ಹೇಳಿಕೊಡುವುದೂ ಇದೇ ದಾಸೋಹದ ಅಂಗ.

ಆದುದರಿಂದ ಭಕ್ತರು ಮಗಳು ರಜೆಗೆ ಊರಿಗೆ ಬಂದಾಗ ಸಂಬಳವೆಷ್ಟೆಂದು ಕೇಳುವ ಮೊದಲು, “ಈ ತಿಂಗಳು ಯಾರ ಕಷ್ಟವನ್ನು ಸುಲಭ ಮಾಡಿದೆ ತಾಯಿ?” ಎಂದು ಕೇಳಲಿ. ಅವಳು ಹೇಳುವುದನ್ನು ಅವಸರವಿಲ್ಲದೆ ಆಲಿಸಲಿ. ಅವಳು ಯಾವುದನ್ನಾದರೂ ಮಾಡಲಾರೆನೆಂದು ಬಿಟ್ಟು ಬಂದಿದ್ದರೆ ಅವಳನ್ನು ಗದರಿಸದೆ ಅವಳ ಪಕ್ಕದಲ್ಲಿ ನಿಲ್ಲಲಿ. ಅಳತೆ ಬಲ್ಲ ಹೆಣ್ಣುಮಕ್ಕಳೂ, ಅವರ ಮಾತು ಕೇಳುವ ಮನೆಗಳೂ ನಾಡಿನಲ್ಲಿ ಹೆಚ್ಚಲಿ. ಅವರ ಕೈಯ ಕಾಯಕವು ಸತ್ಯಶುದ್ಧವಾಗಿ ಲಿಂಗಕ್ಕೆ ಅರ್ಪಿತವಾಗಲಿ. ಸರ್ವರಿಗೂ ಶಿವಶುಭವಾಗಲಿ.